ಜನವರಿ ಹತ್ತರ ಸಭೆ

ಬುಧವಾರ ಸಂಜೆ ಹುಮನಾಬಾದಿನ ತನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ತುಳಜಾರಾಮ ಬೂಟಿನ ದಾರ ಬಿಚ್ಚುತ್ತಿದ್ದ. ಒಳಗಿನಿಂದ ಹೆಂಡತಿ ಅಂಬುಬಾಯಿ ಒಂದು ಮಾತು ಕೇಳಿದಳು. ಅವನ ಕೈ ದಾರದ ಮೇಲೆಯೇ ನಿಂತುಹೋಯಿತು.

“ಶುಕ್ರವಾರಕ್ಕ ರಜಾ ಹಾಕೀರಿಲ್ಲೋ?”

“ಶುಕ್ರವಾರ ಯಾತರ ರಜಾ? ಅವತ್ತು ಸಭಾ ಅದ.”

“ಎಳ್ಳಮಾಸಿ ದಿನ ಯಾತರ ಸಭಾನ್ರಿ? ನಮ್ಮ ಸಾಲಿಗೆ ಸೂಟಿ ಕೊಟ್ಟಾರ. ಅಣ್ಣ ಹುಡಗಿ ಊರಿಂದ ಹೇಳಿ ಕಳಿಸ್ಯಾನ, ಇಬ್ಬರೂ ಹೊಲಕ್ಕ ಬರ್ರಿ ಅಂತ.”

ತುಳಜಾರಾಮ ಎದ್ದ. ಗೋಡೆಗೆ ತೂಗುಹಾಕಿದ್ದ ಹೊಸ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದ. ಸಾವಿರದ ಒಂಬೈನೂರ ಎಂಬತ್ತಾರು, ಜನವರಿ ಹತ್ತು, ಶುಕ್ರವಾರ. ಆ ಚೌಕದೊಳಗೆ ಕಪ್ಪು ಚುಕ್ಕೆಯೊಂದು ಇತ್ತು. ಎಳ್ಳಮಾವಾಸ್ಯೆ.

ಆ ದಿನ ಬೀದರ ಸೀಮೆಯಲ್ಲಿ ಯಾರೂ ಊರಿನಲ್ಲಿ ಉಳಿಯುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ ಅಲ್ಲಿಯೇ ಊಟ ಮಾಡುತ್ತಾರೆ. ಹೊಲವಿಲ್ಲದವರು ಹೊಲವಿದ್ದವರ ಜೊತೆ ಹೋಗುತ್ತಾರೆ. ಅಂಗಡಿ ತೆರೆಯುವುದಿಲ್ಲ, ಹೊಟೇಲಿನ ಒಲೆ ಹೊತ್ತುವುದಿಲ್ಲ, ಹಾಲಿನವನು ಬರುವುದಿಲ್ಲ. ಇಂಥ ದಿನವೇ ಬಸವಕಲ್ಯಾಣದ ಹೊಟೇಲೊಂದರ ಮಾಳಿಗೆಯ ಮೇಲೆ ಐದು ತಾಲ್ಲೂಕಿನ ಇಪ್ಪತ್ತಾರು ಅಧಿಕಾರಿಗಳಿಗೆ ಚಹಾ, ನಾಷ್ಟಾ, ಊಟಗಳ ಸಮೇತ ಸಭೆಯ ಏರ್ಪಾಡು ಮಾಡಿದವನು ತುಳಜಾರಾಮನೇ.

ಬಸವಕಲ್ಯಾಣದ ತಹಶೀಲ್ ಕಚೇರಿಯಲ್ಲಿ ಅವನು ಪ್ರಥಮ ದರ್ಜೆ ಗುಮಾಸ್ತ. ಅಂಬುಬಾಯಿ ಹುಮನಾಬಾದಿನ ಶಾಲೆಯಲ್ಲಿ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಅವನು ಮುಂಜಾನೆ ಏಳೂವರೆಯ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದ. ಆರಂಭದಲ್ಲಿ ಕಿಟಕಿಯ ಪಕ್ಕ ಕುಳಿತು ವೃತ್ತಪತ್ರಿಕೆ ಓದುತ್ತಿದ್ದ. ಈಗ ಸೀಟು ಸಿಕ್ಕರೆ ಕಣ್ಣು ಮುಚ್ಚುತ್ತಿದ್ದ, ಸಿಗದಿದ್ದರೆ ಕಂಬಕ್ಕೆ ಒರಗಿ ನಿಂತೇ ಕಣ್ಣು ಮುಚ್ಚುತ್ತಿದ್ದ. ಸೊಂಟ ಹಿಡಿದುಕೊಂಡಿತ್ತು. ಹುಮನಾಬಾದಿಗೆ ವರ್ಗ ಕೋರಿ ಅವನು ಬರೆದ ಅರ್ಜಿ ನವೆಂಬರಿನಿಂದ ತಹಶೀಲ್ದಾರರ ಮೇಜಿನ ಮೇಲಿತ್ತು. ಅವರ ಶಿಫಾರಸಿನ ಒಂದು ಸಾಲು ಬಿದ್ದರೆ ಜಿಲ್ಲಾ ಕಚೇರಿಯಲ್ಲಿ ಕೆಲಸ ಆಗುತ್ತಿತ್ತು.

ಮಂಡ್ಯದ ಕಡೆಯಿಂದ ಬಂದು ನಾಲ್ಕೇ ತಿಂಗಳಾಗಿದ್ದ ತಹಶೀಲ್ದಾರರು ಡಿಸೆಂಬರಿನಲ್ಲಿ ಅವನನ್ನು ಕರೆದು ನೇರವಾಗಿಯೇ ಹೇಳಿದ್ದರು. “ಕುಡಿಯುವ ನೀರಿನ ಪರಿಶೀಲನಾ ಸಭೆ ಈ ಸಲ ನಮ್ಮಲ್ಲಿ. ಜನವರಿ ಹತ್ತು ಅಂತ ಗುಲಬರ್ಗಾದಿಂದಲೇ ತಾರೀಖು ಬಂದಿದೆ, ವಿಭಾಗಾಧಿಕಾರಿಗಳೇ ಬರ್ತಾರೆ. ಪ್ರವಾಸಿ ಮಂದಿರದ ಛಾವಣಿ ಕಿತ್ತಾಕಿದಾರೆ, ಅದಕ್ಕೆ ಒಳ್ಳೆ ಹೊಟೇಲು ನೋಡಿ. ಚೆನ್ನಾಗಿ ನಡೆದರೆ ನಿಮ್ಮ ಅರ್ಜಿಗೆ ಶಿಫಾರಸು ಬರೀತೀನಿ. ಕೆಟ್ಟರೆ ಔರಾದಿಗೆ ಬರೀತೀನಿ.”

ಔರಾದ್ ಎಂದರೆ ಜಿಲ್ಲೆಯ ಆ ತುದಿ. ಅಲ್ಲಿಂದ ಹುಮನಾಬಾದಿಗೆ ದಿನವೂ ಬಂದು ಹೋಗುವ ಮಾತೇ ಇಲ್ಲ.

ತುಳಜಾರಾಮ ಮೂರು ಜಾಗ ನೋಡಿದ. ಬಸ್ ನಿಲ್ದಾಣದೆದುರಿನ ಲಾಡ್ಜಿನಲ್ಲಿ ಹಾರ್ನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಪೇಟೆಯೊಳಗಿನ ಖಾನಾವಳಿಯಲ್ಲಿ ಕೋಣೆಯಿತ್ತು, ಶೌಚಾಲಯವಿರಲಿಲ್ಲ. ಕೊನೆಗೆ ಒಪ್ಪಿಗೆಯಾದದ್ದು ಮಕ್ಬೂಲ್ ಸಾಹೇಬರ ಹೊಟೇಲು. ಮಾಳಿಗೆಯ ಮೇಲೆ ಲಗ್ನಗಳಿಗೆ ಕೊಡುವ ಉದ್ದನೆಯ ಹಾಲ್, ಮೂವತ್ತು ಕುರ್ಚಿ, ಎರಡು ಶೌಚಾಲಯ, ಹಿಂದುಗಡೆ ಮಂಠಾಳದ ಚನ್ನಬಸಪ್ಪ ನಡೆಸುವ ಬೇರೆಯೇ ಸಸ್ಯಾಹಾರದ ಅಡುಗೆಮನೆ. ಕುರ್ಚಿಗಳನ್ನು ತುಳಜಾರಾಮ ಒಂದೊಂದಾಗಿ ಅಲುಗಾಡಿಸಿ ನೋಡಿದ್ದ.

ದಿನದ ವಿಚಾರವೂ ಬಂದಿತ್ತು. “ಹತ್ತನೇ ತಾರೀಖು ಜುಮ್ಮಾ ಬರ್ತದ್ರಿ” ಎಂದಿದ್ದರು ಮಕ್ಬೂಲ್ ಸಾಹೇಬರು. “ಒಂದರಿಂದ ಎರಡರ ತನಕ ನಾನೂ ನಮ್ಮ ಹುಡುಗರೂ ನಮಾಜಿಗೆ ಹೋಗೋರು.” ಅದಕ್ಕಾಗಿ ಊಟವನ್ನು ಹನ್ನೆರಡೂವರೆಗೆ ಎಳೆದರು, ಬಡಿಸಲು ಚನ್ನಬಸಪ್ಪನ ಕಡೆಯ ಆಳುಗಳನ್ನು ಗೊತ್ತುಮಾಡಿದರು. ಶುಕ್ರವಾರದ ತೊಡಕನ್ನು ಇಷ್ಟು ನಾಜೂಕಾಗಿ ಬಿಡಿಸಿದೆವಲ್ಲ ಎಂಬ ಸಮಾಧಾನದಲ್ಲಿ ಇಬ್ಬರೂ ಮತ್ತೊಂದು ಚಹಾ ಕುಡಿದರು. ಆ ದಿನಕ್ಕೆ ಬೇರೆ ತೊಡಕು ಇರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಸ ವರ್ಷದ ಕ್ಯಾಲೆಂಡರು ಕಚೇರಿಗೆ ಇನ್ನೂ ಬಂದಿರಲಿಲ್ಲ.

ಗುರುವಾರ ಮುಂಜಾನೆ ಬಸ್ಸಿನಿಂದ ಇಳಿದವನು ಕಚೇರಿಗೂ ಹೋಗದೆ ಹೊಟೇಲಿಗೆ ನಡೆದ. ಮಕ್ಬೂಲ್ ಸಾಹೇಬರು ಗಲ್ಲೆಯ ಹಿಂದೆ ತಲೆಗೆ ಕೈಹೊತ್ತು ಕುಳಿತಿದ್ದರು.

“ಬರ್ರಿ ತುಳಜಾರಾಮಜೀ. ನಿಮಗೂ ಗೊತ್ತಾತು ಅನಸ್ತದ.”

“ಚನ್ನಬಸಪ್ಪ ಎಲ್ಲಿ?”

“ನಿನ್ನೆ ಸಂಜಿಗೇ ಮಂಠಾಳಕ್ಕ ಹ್ವಾದ. ಹೋಗುವಾಗ ನನಗ ಹೇಳ್ತಾನ, ಸಾಹೇಬ್ರ, ಶನಿವಾರ ಬರ್ತೀನ್ರಿ ಅಂತ. ಮತ್ತ ಶುಕ್ರವಾರದ ಊಟ ಅಂದೆ. ಅಮಾಸಿ ದಿನ ಯಾರು ಉಣ್ಣಾಕ ಬರ್ತಾರ್ರಿ ಅಂದ. ಪಾಪ, ಅವನಿಗೆ ನಾವು ತಾರೀಖು ಹೇಳೀವಿ, ತಿಥಿ ಹೇಳಿಲ್ಲ.”

“ನಿಮಗಾದರೂ ನೆನಪು ಆಗಬಾರದಿತ್ತೇನ್ರಿ?”

“ಅರೆ, ಪ್ರತಿ ವರ್ಷ ಅವನ ಹೊಲದಾಗೇ ನಾ ಸೊಪ್ಪು-ಕಾಳಿನ ಭಜ್ಜಿ ತಿಂತೀನಿ! ನನ್ನ ತಲ್ಯಾಗ ಜುಮ್ಮಾ ಒಂದೇ ಕುಂತಿತ್ತು. ನೀವು ಹಿಂದೂ ಆಗಿ ಮರತೀರಿ, ನನಗ ಹೇಳ್ತೀರಿ.”

ಕಚೇರಿಯಲ್ಲಿ ಕೇಳಿದರೆ ಎಲ್ಲರಿಗೂ ಗೊತ್ತಿತ್ತು. “ಇಷ್ಟು ದೊಡ್ಡ ಕೆಲಸ ಹಿಡದೋರು ಅಮಾಸಿ ಮರತಾರೇನು, ಏನೋ ಬಂದೋಬಸ್ತು ಮಾಡಿರಬೇಕು ಅಂತ ಸುಮ್ಮನಿದ್ವಿ” ಎಂದ ಟಪಾಲು ಗುಮಾಸ್ತ ಮಡೆಪ್ಪ. ಅವನ ರಜಾ ಚೀಟಿ ಆಗಲೇ ಮಂಜೂರಾಗಿತ್ತು.

ತಹಶೀಲ್ದಾರರು ವಿಷಯವನ್ನು ಕೇಳಿಸಿಕೊಂಡರು. ಅವರಿಗೆ ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು.

“ಅಮಾವಾಸ್ಯೆ ತಿಂಗಳಿಗೊಂದು ಬರುತ್ತೆ ಕಣ್ರೀ. ಅದಕ್ಕೆ ಊರೇ ಬಾಗಿಲು ಹಾಕುತ್ತೆ ಅಂದರೆ ನಂಬಲೇ?”

“ಇದು ಬ್ಯಾರೆ ಅಮಾಸಿ ಸರ್. ಹುಮನಾಬಾದಿನಾಗ ಉಡುಪಿಯವರ ಹೊಟೇಲೊಂದು ಅದ. ಅವರು ಬಂದ್ ಮಾಡಂಗಿಲ್ಲ. ಸಭಾ ಅಲ್ಲಿಗೆ...”

“ಹುಮನಾಬಾದ್? ಆಮೇಲೆ ಹೆಸರು ಆ ತಾಲ್ಲೂಕಿಗೆ! ಜೀಪು ತಗೊಂಡು ಹೋಗಿ, ಆ ಅಡುಗೆಯವನನ್ನ ಕೂರಿಸಿಕೊಂಡು ಬನ್ನಿ. ಬರಲ್ಲ ಅಂದರೆ ಸರ್ಕಾರದ ಕೆಲಸ ಅಂತ ಹೇಳಿ.” ಅವರು ಮೇಜಿನ ಮೇಲಿನ ಅರ್ಜಿಯನ್ನು ಎರಡು ಬೆರಳಿನಿಂದ ತಟ್ಟಿದರು. ಬೇರೆ ಮಾತು ಬೇಕಿರಲಿಲ್ಲ.

ಜೀಪಿನ ಚಾಲಕ ಯುನೂಸ್ ದಾರಿಯುದ್ದಕ್ಕೂ ಬೀಡಿ ಹಚ್ಚಲಿಲ್ಲ, ಮಾತೂ ಆಡಲಿಲ್ಲ. ಮಂಠಾಳದ ಮನೆಯಂಗಳದಲ್ಲಿ ಚನ್ನಬಸಪ್ಪ ಸೊಪ್ಪು ಸೋಸುತ್ತ ಕುಳಿತಿದ್ದ. ಅವನ ಹೆಂಡತಿ ಭಾಗಮ್ಮ ಸಜ್ಜೆ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಸರ್ಕಾರಿ ಜೀಪು ಕಂಡು ನೆರೆಯವರು ಬಾಗಿಲಿಗೆ ಬಂದರು.

ತುಳಜಾರಾಮ ಬಂದ ಕಾರಣ ಹೇಳಿದ. ಚನ್ನಬಸಪ್ಪ ಸೊಪ್ಪನ್ನು ಬದಿಗಿಟ್ಟು ಎದ್ದು ನಿಂತ.

“ಸರ್ಕಾರ ಕರದ್ರ ಒಲ್ಲೆ ಅನ್ನಾಕ ಆಗ್ತದೇನ್ರಿ? ಬರ್ತೀನಿ. ಬಂದು ಅಡಗಿ ಮಾಡ್ತೀನಿ. ಹಾಲು ಯಾರು ಹಾಕ್ತಾರ್ರಿ?”

ತುಳಜಾರಾಮ ಜೀಪಿನತ್ತ ನೋಡಿದ.

“ನೀರು ತುಂಬಾವ ನಮ್ಮ ಓಣ್ಯಾವ, ಅವನೂ ಹೊಲಕ್ಕ ಹೋಗ್ತಾನ. ಬಡಸೋರು ನಾಕು ಮಂದಿ, ನಾಕೂ ಇದೇ ಊರಾಗ ಅದಾರ. ಎಲ್ಲಾರನೂ ಹೊಂಡಸ್ರಿ, ಜೀಪಿನಾಗ ಹಿಡಿಸ್ತಾರೇನು ನೋಡ್ರಿ.”

“ಕಾಯಿಪಲ್ಯ ಮಾರೋರನ್ನೂ ಹೊಂಡಸ್ರಿ” ಎಂದಳು ಭಾಗಮ್ಮ, ಜರಡಿಯಿಂದ ಕಣ್ಣೆತ್ತದೆ. “ಮತ್ತ ಪೇಟ್ಯಾಗ ಕೊತಂಬರಿನೂ ಸಿಗಂಗಿಲ್ಲ. ನಾ ಒಬ್ಬಾಕಿ ಹೊಲಕ್ಕ ಹೋಗಿ ಚರಗ ಚೆಲ್ತೀನಿ, ಬಿಡ್ರಿ.”

“ಏ, ಸಾಹೇಬ್ರ ಮುಂದ ಹಿಂಗ ಮಾತಾಡ್ತಾರೇನು?”

“ಸಾಹೇಬ್ರ ಹೆಂಡತಿನೂ ಮನ್ಯಾಗ ಹಿಂಗೇ ಅಂದಿರತಾಳ. ಕೇಳ್ರಿ ಬೇಕಾದ್ರ.”

ಯುನೂಸ್ ಮುಖ ತಿರುಗಿಸಿ ನಕ್ಕ. ತುಳಜಾರಾಮನಿಗೂ ನಗು ಬಂದಿತು, ಆದರೆ ಅದು ಬಾಯಿಯವರೆಗೆ ತಲುಪುವಷ್ಟರಲ್ಲಿ ದಣಿದಿತ್ತು. ಅಡುಗೆಯವನನ್ನು ಒಯ್ದು ತಹಶೀಲ್ದಾರರ ಮುಂದೆ ನಿಲ್ಲಿಸಬಹುದು. ಹೇಳಿದ ಕೆಲಸ ಮಾಡಿದಂತಾಗುತ್ತದೆ. ನಾಳೆ ಇಪ್ಪತ್ತಾರು ಮಂದಿ ಹಸಿದು ಏಳುವಾಗ, ಅಡುಗೆಯವನನ್ನು ತಂದಿದ್ದೆನಲ್ಲ ಎಂದು ಹೇಳಿಕೊಳ್ಳಬಹುದು. ಔರಾದಿನ ಕಾಗದದಲ್ಲಿ ಆ ಮಾತಿಗೆ ಜಾಗವಿರುವುದಿಲ್ಲ.

“ನೀ ಕೂಡು, ಚನ್ನಬಸಪ್ಪ. ಸೊಪ್ಪು ಸೋಸು” ಎಂದು ಅವನು ಜೀಪು ಹತ್ತಿದ. “ಯುನೂಸ್, ಹುಮನಾಬಾದಿಗೆ ನಡಿ.”

“ಸಾಬ್, ಸಾಹೇಬ್ರು ಹೇಳಿದ್ದು ಬ್ಯಾರೆ.”

“ನನಗ ಹೇಳ್ಯಾರ, ನಿನಗಲ್ಲ. ನಡಿ.”

ಹುಮನಾಬಾದಿನ ಹೆದ್ದಾರಿಯ ಬದಿಯ ಹೊಟೇಲಿನ ಮಾಲೀಕ ವಾಸುದೇವ ಐತಾಳರು ಕುಂದಾಪುರದ ಕಡೆಯವರು. ಅಡುಗೆಯವರೂ ಬಡಿಸುವವರೂ ಅಲ್ಲಿಂದಲೇ ಬಂದವರು. ಮಾತು ಮುಗಿಯುವ ಮೊದಲೇ ಅವರು ತಲೆಯಾಡಿಸಿದರು.

“ನಾಳೆ ನನಗೆ ಗಿರಾಕಿಯೇ ಇಲ್ಲ ಮಾರಾಯ್ರೆ. ವರ್ಷವೂ ಆ ದಿನ ನಾವು ನೆಲ ತೊಳೆಯುವುದು. ಹಾಲು ಇವತ್ತು ರಾತ್ರಿಯೇ ತರಿಸಿಡುತ್ತೇನೆ. ಮಾಳಿಗೆಯ ಹಾಲ್ ನಿಮ್ಮದೇ.”

ತುಳಜಾರಾಮ ಮಾಳಿಗೆ ಹತ್ತಿದ. ಇಪ್ಪತ್ತೆಂಟು ಕುರ್ಚಿಗಳಿದ್ದವು. ಎಲ್ಲವನ್ನೂ ಅಲುಗಾಡಿಸಿ ನೋಡಿದ. ಎರಡನ್ನು ಬದಿಗಿಟ್ಟ. ಶೌಚಾಲಯದ ಚಿಲಕ ಹಾಕಿ ತೆಗೆದ. ಬಳಿಕ ಅಂಚೆ ಕಚೇರಿಗೆ ಹೋಗಿ ಬಸವಕಲ್ಯಾಣಕ್ಕೆ ಟ್ರಂಕ್ ಕಾಲ್ ಹಾಕಿಸಿ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕಾದ.

“ಅಡುಗೆಯವನು ಸಿಕ್ಕನೇ?” ತಂತಿಯಲ್ಲಿ ತಹಶೀಲ್ದಾರರ ದನಿ ಬಾವಿಯೊಳಗಿನಿಂದ ಬಂದಂತಿತ್ತು.

“ಸಿಕ್ಕ ಸರ್. ಬಿಟ್ಟು ಬಂದೆ. ಒಬ್ಬನಿಂದ ಆಗೂದಲ್ರಿ ಅದು. ಸಭಾ ಹುಮನಾಬಾದಿನಾಗ ಗೊತ್ತುಮಾಡೀನಿ. ಗುಲಬರ್ಗಾದವರು, ಬೀದರದವರು, ಔರಾದಿನವರು ಹ್ಯಾಂಗೂ ಇದೇ ದಾರಿಲೆ ಬರೋರು. ಭಾಲ್ಕಿಗೆ ಫೋನ್ ಮಾಡ್ತೀನಿ. ತಾವು ಮುಂಜಾನೆ ಒಂದು ತಾಸು ಮೊದಲು ಹೊರಟ್ರ ಸಾಕು.”

ಲೈನು ಕಡಿದುಹೋಯಿತೇ ಎಂದು ಅವನು ಎರಡು ಸಲ ಹಲೋ ಎಂದ.

“ಕೇಳ್ತಾ ಇದೀನಿ” ಎಂದರು ಅವರು. “ನನ್ನ ಕೇಳದೆ ಮಾಡಿದೀರಿ. ನಾಳೆ ಸಭೆ ಮುಗೀಲಿ. ಅರ್ಜಿ ನನ್ನ ಬ್ಯಾಗಿನಲ್ಲೇ ತರ್ತೀನಿ. ಅಲ್ಲೇ ಬರೀತೀನಿ, ಏನು ಬರೀಬೇಕೋ ಅದನ್ನ.”

ಶುಕ್ರವಾರ ಬೆಳಗ್ಗೆ ಹುಮನಾಬಾದಿನಲ್ಲಿ ನಾಯಿಗಳಷ್ಟೇ ಓಡಾಡುತ್ತಿದ್ದವು. ಬುತ್ತಿ ಹೊತ್ತ ಎತ್ತಿನ ಗಾಡಿಗಳು ಎಂಟಕ್ಕೇ ಊರು ದಾಟಿದ್ದವು. ತುಳಜಾರಾಮ ಹೆದ್ದಾರಿಯ ತಿರುವಿನಲ್ಲಿ ನಿಂತು ಒಂದೊಂದೇ ಜೀಪಿಗೆ ಕೈ ಅಡ್ಡ ಹಿಡಿದು ಹೊಟೇಲಿನತ್ತ ತಿರುಗಿಸಿದ. ಭಾಲ್ಕಿಯ ಜೀಪೊಂದು ಬಾಕಿ ಉಳಿಯಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅದೂ ಧೂಳೆಬ್ಬಿಸುತ್ತ ಬಂದಿತು.

ಸಭೆ ಸಮಯಕ್ಕೆ ಸರಿಯಾಗಿ ಆರಂಭವಾಯಿತು. ಇಡ್ಲಿ ಬಿಸಿಯಾಗಿತ್ತು. ಕೊಳವೆಬಾವಿಗಳ ಲೆಕ್ಕ ಒಪ್ಪಿಸುವಾಗ ಯಾರ ಕುರ್ಚಿಯೂ ಕಿರುಗುಡಲಿಲ್ಲ. ಊಟದ ನಂತರ ವಿಭಾಗಾಧಿಕಾರಿಗಳು ಕೈ ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು.

“ದಾರಿಯಲ್ಲಿ ಒಂದು ಚಹದಂಗಡಿ ತೆರೆದಿರಲಿಲ್ಲ. ಈ ದಿನ ಇಟ್ಟದ್ದು ನಮ್ಮ ಕಚೇರಿಯ ತಪ್ಪು. ಅದನ್ನು ಮೊದಲೇ ತಿಳಿದು ಜಾಗ ಬದಲಿಸಿದಿರಲ್ಲ ತಹಶೀಲ್ದಾರರೆ, ಅದು ದೂರದೃಷ್ಟಿ. ಏಪ್ರಿಲ್ ಸಭೆಯನ್ನು ನಿಮ್ಮ ಬಸವಕಲ್ಯಾಣದಲ್ಲೇ ಇಡೋಣ. ನೀವೇ ಮಾಡಿ.”

ತಹಶೀಲ್ದಾರರು ಎದ್ದು ನಮಸ್ಕರಿಸಿದರು. ತುಳಜಾರಾಮ ಬಾಗಿಲ ಬಳಿ ನೀರಿನ ತಂಬಿಗೆ ಹಿಡಿದು ನಿಂತಿದ್ದ.

ಜೀಪುಗಳು ಹೊರಟ ಮೇಲೆ ಅವರು ಅವನನ್ನು ಮೂಲೆಯ ಮೇಜಿಗೆ ಕರೆದರು. ಬ್ಯಾಗಿನಿಂದ ಅರ್ಜಿ ಹೊರಬಂದಿತು. ಪೆನ್ನಿನ ಮುಚ್ಚಳ ತೆಗೆದರು.

“ಔರಾದಿನ ಮಾತು ಬಿಟ್ಟುಬಿಡಿ. ಅದನ್ನ ನಾನು ಬರೆಯಲ್ಲ” ಎಂದರು. ದನಿಯಲ್ಲಿ ನಿಜವಾದ ಪ್ರೀತಿಯಿತ್ತು. “ಆದರೆ ನೀವೇ ಹೇಳಿ. ಏಪ್ರಿಲ್‌ನಲ್ಲಿ ಸಾಹೇಬರು ಮತ್ತೆ ಬರ್ತಾರೆ. ನಿಮ್ಮನ್ನ ಬಿಟ್ಟುಕೊಟ್ಟರೆ ಈ ಕೆಲಸ ಯಾರು ಮಾಡ್ತಾರೆ? ಮಡೆಪ್ಪನೇ?”

ಅವರು ಅರ್ಜಿಯ ಅಂಚಿನಲ್ಲಿ ಒಂದು ಸಾಲು ಬರೆದು ತಿರುಗಿಸಿ ತೋರಿಸಿದರು. ‘ಕಚೇರಿಗೆ ಇವರ ಸೇವೆ ಅತ್ಯಗತ್ಯ. ಸದ್ಯಕ್ಕೆ ವರ್ಗ ಬೇಡ.’ ಅಕ್ಷರ ದುಂಡಗಿತ್ತು.

“ಆಗಲಿ ಸರ್” ಎಂದ ತುಳಜಾರಾಮ.

ಹುಡಗಿ ಊರಿಗೆ ಬಸ್ಸಿರಲಿಲ್ಲ. ತಹಶೀಲ್ದಾರರು ಮತ್ತೊಂದು ಚಹಾ ಮುಗಿಸುವಷ್ಟರಲ್ಲಿ ಯುನೂಸ್ ತಾನಾಗಿಯೇ ಜೀಪು ತಿರುಗಿಸಿ ಅವನನ್ನು ಹೊಲದ ಬದುವಿನ ತನಕ ಬಿಟ್ಟುಹೋದ. ಮೂರೂವರೆಯ ಬಿಸಿಲು ಜೋಳದ ತೆನೆಗಳ ಮೇಲಿತ್ತು. ಉಂಡವರೆಲ್ಲ ಮರದ ನೆರಳಿನಲ್ಲಿ ಅಡ್ಡಾಗಿದ್ದರು. ಅಂಬುಬಾಯಿ ಒಬ್ಬಳೇ ಬುತ್ತಿಯ ಗಂಟಿನ ಪಕ್ಕ ಎಚ್ಚರವಾಗಿ ಕುಳಿತಿದ್ದಳು.

“ಸಭಾ ಕೆಟ್ಟಿತೇನ್ರಿ?”

“ಇಲ್ಲ. ಛಲೋ ಆತು. ಭಾಳ ಛಲೋ ಆತು.”

“ಮತ್ತ ಮಾರಿ ಯಾಕ ಹಿಂಗ? ಬರದ್ರೇನು?”

“ಬರದ್ರು. ಇಂವ ಛಲೋ ಕೆಲಸ ಮಾಡ್ತಾನ, ಬಿಡೂದು ಬ್ಯಾಡ ಅಂತ.”

ಅಂಬುಬಾಯಿ ಎಲೆಗೆ ಭಜ್ಜಿ ಬಡಿಸುತ್ತಿದ್ದ ಕೈಯನ್ನು ತಡೆದಳು. ಬೈಯುತ್ತಾಳೆಂದು ಅವನು ಕಾದ. ಅವಳು ನಕ್ಕಳು. ನಗು ಮುಗಿಯುವ ಹೊತ್ತಿಗೆ ಕಣ್ಣಿನ ತುದಿಯನ್ನು ಸೆರಗಿನಿಂದ ಒತ್ತಿಕೊಂಡಳು.

“ಹನ್ನೊಂದು ವರ್ಷದಾಗ ಒಂದು ಕೆಲಸನಾದರೂ ಕೆಡಸಬೇಕಿತ್ತು ನೀವು. ಹೋಗ್ಲಿ, ಏಪ್ರಿಲ್‌ದಾಗ ಕೆಡಸ್ರಿ.”

“ಹೂಂ” ಎಂದ ಅವನು.

ಸಜ್ಜೆಯ ರೊಟ್ಟಿ ಮುರಿದು ಎರಡು ತುತ್ತು ತಿಂದ. ಮೂರನೆಯದು ಕೈಯಲ್ಲಿಯೇ ಉಳಿಯಿತು.

“ಏಪ್ರಿಲ್ ಅಂದ್ರ ಲಗ್ನದ ಹಂಗಾಮು” ಎಂದ, ಹೇಳಿದ್ದು ಹೆಂಡತಿಗೋ ತನಗೋ ತಿಳಿಯದಂತೆ. “ಮಕ್ಬೂಲ್ ಸಾಹೇಬರ ಹಾಲ್ ಯಾರಾದರೂ ಹಿಡದುಬಿಡ್ತಾರ. ಸೋಮವಾರ ಹೋದ ಕೂಡಲೇ ಹೇಳಿಡಬೇಕು.”

ಅಂಬುಬಾಯಿ ಅವನ ಎಲೆಗೆ ಮತ್ತೊಂದು ರೊಟ್ಟಿ ಹಾಕಿದಳು.