ಲೀಗಿನ ಕೊನೆಯ ಹಲಗೆ

ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ನಮ್ಮ ಬೆನ್ನ ಹಿಂದೆ ನೆಲ ಕೀಳುವ ಸದ್ದು ಶುರುವಾಗಿತ್ತು.

ದೊಡ್ಡನೆಕ್ಕುಂದಿಯ ಆ ತಗಡಿನ ಶೆಡ್ಡು ಗೋಪಾಲಪ್ಪನವರದು. ಅವರಪ್ಪನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿತ್ತಂತೆ. ಆಮೇಲೆ ರಟ್ಟಿನ ಡಬ್ಬದ ಕಾರ್ಖಾನೆ ಬಂತು, 2012ರಲ್ಲಿ ನಾವು ಬಂದೆವು. ಹೊರವಲಯ ಮಹಿಳಾ ಬಾಸ್ಕೆಟ್‌ಬಾಲ್ ಲೀಗ್. ಮಹದೇವಪುರ, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಕಾಡುಗೋಡಿ, ಇಷ್ಟೇ ತಂಡ. ಸಂಬಳ ಕೊಟ್ಟು ಆಡಿಸುತ್ತೇವೆ ಎಂದಾಗ ನಾವ್ಯಾರೂ ನಂಬಿರಲಿಲ್ಲ. ಮೊದಲ ವರ್ಷ ಟೆಕ್ ಪಾರ್ಕಿನವರು ಕೊರಳಲ್ಲಿ ಐಡಿ ಕಾರ್ಡು ತೂಗಿಸಿಕೊಂಡೇ ಬಂದು ಶಿಳ್ಳೆ ಹೊಡೆದರು. ಎರಡನೇ ವರ್ಷ ಅದೇ ಜನ ನಮ್ಮ ಬಾಗಿಲ ಮುಂದೆಯೇ ಕ್ಯಾಬ್ ಹತ್ತಿ ಮನೆಗೆ ಹೋದರು. ನಡೆಸುತ್ತಿದ್ದ ಬಿಲ್ಡರ್ ಕೈಬಿಟ್ಟ. ಆ ಶುಕ್ರವಾರದ ಆಟವೇ ಕೊನೆಯದು.

ನಮ್ಮ ಮರದ ನೆಲ ಬಾಡಿಗೆಯದು. ಮಂಚದಷ್ಟು ಅಗಲದ ಹಲಗೆಗಳನ್ನು ಕೊಕ್ಕೆ ಹಾಕಿ ಜೋಡಿಸಿದ್ದರು. ಗುತ್ತಿಗೆದಾರ ಶೇಖರಪ್ಪನಿಗೆ ಒಂದೇ ಚಿಂತೆ. ಸಂಜೆಯಾದರೆ ರಿಂಗ್ ರೋಡಿನಲ್ಲಿ ಲಾರಿ ಬಿಡುವುದಿಲ್ಲ, ಅಷ್ಟರೊಳಗೆ ಹೊರಟುಬಿಡಬೇಕು.

"ಗೆರೆ ಆಚೆಗಿರೋದ್ನ ತಾನೇ ಕೀಳ್ತಿರೋದು? ನೀವು ಒಳಗಡೆ ಆಡ್ಕೊಳ್ಳಿ ಮೇಡಂ," ಎಂದ.

ಬೆಂಚಿನಲ್ಲಿ ಕೂತಿದ್ದ ನಮ್ಮಜ್ಜಿ ಮುನಿಯಕ್ಕ ನನ್ನತ್ತ ನೋಡಿದಳು. ನನಗೂ ಅದೇ ನೆನಪಾಗಿತ್ತು. ಚಿಕ್ಕಂದಿನಲ್ಲಿ ಅವಳು ಹೇಳುತ್ತಿದ್ದ ಕತೆಯಲ್ಲಿ ರಕ್ಕಸಿಯೊಬ್ಬಳು ಹುಡುಗಿಯನ್ನು ಅಟ್ಟಿಸಿಕೊಂಡು ಬರುತ್ತಾಳೆ. ಹುಡುಗಿ ಓಡಿದಷ್ಟೂ ರಕ್ಕಸಿ ಅವಳ ಹಿಂದಿನ ನೆಲವನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿಟ್ಟುಕೊಳ್ಳುತ್ತಾಳೆ.

ಆದರೆ ಅಂದು ನೆಲ ಬೇಕಾಗಿದ್ದುದು ನನಗಲ್ಲ, ಮಹಾನಂದಾಗೆ. ಯಾದಗಿರಿ ಕಡೆಯ ಹುಡುಗಿ. ಅವಳಪ್ಪ ಚನಬಸಪ್ಪ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಗಾರೆ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು. ನಮ್ಮ ಕಾಡುಗೋಡಿ ತಂಡದಲ್ಲಿ ಅವಳಷ್ಟು ದೂರದಿಂದ ಬುಟ್ಟಿಗೆ ಹಾಕುವವರು ಯಾರೂ ಇರಲಿಲ್ಲ. ಹುಬ್ಬಳ್ಳಿಯ ರೈಲ್ವೆ ತಂಡದ ಕೋಚ್ ನೀಲಾಂಬಿಕಾ ಅಂದು ಅವಳ ಆಟ ನೋಡಲೆಂದೇ ಬರುವವರಿದ್ದರು. ಮೆಚ್ಚಿದರೆ ಕೆಲಸ, ಆಟ ಎರಡೂ ಸಿಗುತ್ತಿತ್ತು. ಅದಕ್ಕೆ ಅವಳ ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ನಾಳೆಯಿಂದ ಲೀಗೂ ಇಲ್ಲ, ಅವಳು ಆಡುವುದನ್ನು ಯಾರಾದರೂ ಬಂದು ನೋಡಲು ಜಾಗವೂ ಇಲ್ಲ.

ನೀಲಾಂಬಿಕಾ ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದರು.

ಅವರು ಬೆವರೊರೆಸಿಕೊಳ್ಳುತ್ತಾ ಒಳಗೆ ಬಂದಾಗ ಕೊನೆಯ ಕ್ವಾರ್ಟರಿನ ಕೊನೆಯ ನಿಮಿಷಗಳು. ಪೀಣ್ಯದವರು ಒಂದು ಪಾಯಿಂಟ್ ಮುಂದಿದ್ದರು. ಅವರ ನಾಯಕಿ ದೀಪು ಮಹಾನಂದಾಳಿಗೆ ನೆರಳಿನಂತೆ ಅಂಟಿಕೊಂಡಿದ್ದಳು.

"ಎಲ್ಲಿಗ್ ಹೋಗ್ತೀಯ ಹೋಗು ಮಗಾ, ನಾನೂ ಬರ್ತೀನಿ," ಎಂದು ರೇಗಿಸುತ್ತಿದ್ದಳು.

ಚೆಂಡು ನನ್ನ ಕೈಯಲ್ಲಿತ್ತು. ಹಿಂದೆ ಕೊಕ್ಕೆ ಕಳಚುವ ಟಣ್ ಟಣ್. ಬಾಗಿಲಿಗೆ ಹಿಮ್ಮುಖವಾಗಿ ನಿಲ್ಲಿಸಿದ್ದ ಲಾರಿಯ ಮೇಲೆ, ಹಲಗೆ ಬಿಗಿಯುವ ಹಗ್ಗದ ದೊಡ್ಡ ಸುರುಳಿ ಹಿಡಿದು ಕೂಲಿಯಾಳು ಬಸಲಿಂಗ ನಿಂತಿದ್ದ. ಕೆಳಗಿನವರು ಹೇಳಿದೊಡನೆ ಅವನು ಅದನ್ನು ಎಸೆಯಬೇಕಿತ್ತು.

ಮಹಾನಂದಾ ದೀಪುವಿನಿಂದ ಕ್ಷಣ ಬಿಡಿಸಿಕೊಂಡು ಮೂಲೆಗೆ ಜಾರಿದಳು. "ಜ್ಯೋತೀ, ಒಗೀ!"

ಈ ಮಾತಿಗೊಂದು ಹಿನ್ನೆಲೆಯಿದೆ. ಮೊದಲ ದಿನ ಅವಳು ಹೀಗೆ ಕೂಗಿದಾಗ ನಾನು ಚೆಂಡು ಹಿಡಿದು ಸುಮ್ಮನೆ ನಿಂತಿದ್ದೆ. "ಏನ್ ಒಗೀಲಿ? ಬಟ್ಟೆನಾ?" ಎಂದಿದ್ದೆ. ಅವಳು ಸೊಂಟಕ್ಕೆ ಕೈಯಿಟ್ಟು, "ನಿಮ್ಮೂರಾಗ ಬಟ್ಟಿ ಅಷ್ಟ ಒಗೀತಾರೇನು? ನಮ್ಮ ಕಡೆ ಕಲ್ಲೂ ಒಗೀತಾರ. ಹಿಂಗ ನಿಂತ್ರ ನಿನ್ನೂ ಒಗೀತೀನಿ ನೋಡು," ಎಂದಿದ್ದಳು. ಅಂದಿನಿಂದ ಅದು ನಮ್ಮ ಗುಟ್ಟಿನ ಮಾತಾಯಿತು. ಎದುರಾಳಿಗಳಿಗೆ ಅದು ಎಸೆ ಎಂಬ ಅರ್ಥದ್ದೆಂದು ಹೊಳೆಯುವಷ್ಟರಲ್ಲಿ ಚೆಂಡು ಅವಳ ಕೈ ಸೇರಿರುತ್ತಿತ್ತು.

ನಾನು ಎಸೆದೆ. ಅವಳು ಹಿಡಿದಳು, ಮಂಡಿ ಬಗ್ಗಿಸಿದಳು.

ಆದರೆ ಆ ಶೆಡ್ಡಿನಲ್ಲಿ ಅವಳ ಕಡೆಯ ಕನ್ನಡ ಬಲ್ಲವನು ಇನ್ನೊಬ್ಬನಿದ್ದ. ಲಾರಿಯ ಮೇಲಿನ ಬಸಲಿಂಗನೂ ಒಗೆದ.

ಹಗ್ಗದ ಸುರುಳಿ ಅಂಕಣದ ನಡುವೆ ಧೊಪ್ಪೆಂದು ಬಿತ್ತು. ರೆಫರಿ ಪಂಚಾಕ್ಷರಿ ಸಾರ್ ಬೆಚ್ಚಿ ಸೀಟಿ ಊದಿದರು. ಚೆಂಡು ಮೇಲೇರಿ, ಬುಟ್ಟಿಯ ಬಳೆಯ ಅಂಚನ್ನೂ ಮುಟ್ಟದೆ, ಬಲೆಯೊಳಗೆ ಇಳಿಯಿತು.

ನಾವು ಕುಣಿದೆವು. ಪಂಚಾಕ್ಷರಿ ಸಾರ್ ಕೈಯಾಡಿಸಿದರು. "ಇಲ್ಲಮ್ಮ, ಸೀಟಿ ಮೊದಲು. ಚೆಂಡು ಇನ್ನೂ ಕೈಯಲ್ಲೇ ಇತ್ತು. ಲೆಕ್ಕಕ್ಕಿಲ್ಲ."

ಉಳಿದ ಸೆಕೆಂಡುಗಳಲ್ಲಿ ದೀಪು ಅವಳಿಗೆ ಚೆಂಡು ಮುಟ್ಟಲೂ ಬಿಡಲಿಲ್ಲ. ನಾವು ಸೋತೆವು. ಲೀಗ್ ನೋಡಿಕೊಳ್ಳುತ್ತಿದ್ದ ಸೋಮಪ್ಪನವರು ಮೈಕ್ ಹಿಡಿದು ಏನೋ ಹೇಳಹೋಗಿ, ಮೈಕ್ ಆರಿಸಿಬಿಟ್ಟರು. ಲೀಗ್ ಮುಗಿದದ್ದು ಹಾಗೆ.

ಬಸಲಿಂಗ ಓಡಿಬಂದ. "ತಪ್ಪಾತಬೇ ತಂಗಿ, ನಮ್ಮಾವ್ರ ಯಾರೋ ಅಂದ್ರು ಅಂತ ಒಗದ್ ಬಿಟ್ಟೆ." ಮಹಾನಂದಾ ಅವನತ್ತ ನೋಡಲೇ ಇಲ್ಲ.

ನೀಲಾಂಬಿಕಾ ಅವಳ ಹತ್ತಿರ ಬಂದರು. "ನಿನ್ನ ಆಟ ನೋಡಾಕ ಅಲ್ಲಿಂದ ಬಂದೀನವಾ. ಕಂಡಿದ್ದು ಒಂದ ಹೊಡ್ತ, ಅದೂ ಲೆಕ್ಕಕ್ಕಿಲ್ಲ. ಅಷ್ಟರ ಮ್ಯಾಲೆ ಮ್ಯಾಲಿನವ್ರಿಗೆ ಏನ್ ಹೇಳ್ಲಿ? ಅದ ಮೂಲಿಂದ ಇನ್ನಷ್ಟು ಹಾಕು, ನೋಡೂಣು."

"ಆಗಲ್ಲ ಮೇಡಂ," ಶೇಖರಪ್ಪ ಅಡ್ಡ ಬಂದ. "ಲಾರಿ ನಿಂತೋಗುತ್ತೆ. ಏ, ಆ ಮೂಲೆ ಎತ್ರೋ!"

ಇಬ್ಬರು ಆಳುಗಳು ಮಹಾನಂದಾಳ ಕಾಲ ಪಕ್ಕದ ಹಲಗೆಗೇ ಕೈ ಹಾಕಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ಹಿಂದೆ ಸಿಮೆಂಟ್ ನೆಲ ಬಾಯಿ ತೆರೆದಿತ್ತು. ನನಗೆ ಕತೆಯ ಕೊನೆ ನೆನಪಾಗಲಿಲ್ಲ. ಆ ಹುಡುಗಿ ಏನು ಮಾಡಿದಳು? ಎಷ್ಟು ದೂರ ಓಡಿದಳು?

"ಅಜ್ಜೀ, ಆ ಹುಡ್ಗಿ ಹೆಂಗ್ ತಪ್ಪಿಸ್ಕೊಂಡ್ಳು?"

"ತಪ್ಪಿಸ್ಕಳ್ಳಿಲ್ಲ ಕಣೆ. ನಿಂತ್ಕಂಡ್ಳು. ಆಳು ನಿಂತಿರೋ ಚಾಪೆ ಸುತ್ತಕ್ಕಾಯ್ತದಾ?"

ನಾನು ಹೋಗಿ ಆ ಹಲಗೆಯ ಮೇಲೆ ನಿಂತೆ. ಆಳುಗಳು ಎತ್ತಲು ನೋಡಿದರು, ಆಗಲಿಲ್ಲ.

"ಇಳೀಮ್ಮ," ಎಂದ ಶೇಖರಪ್ಪ.

"ಇಳಿಯಲ್ಲ ಅಣ್ಣ."

ಅವನು ಮುಂದೆ ಬಂದ. ಅಷ್ಟರಲ್ಲಿ ಪಕ್ಕದ ಹಲಗೆ ಅದುರಿತು. ನೋಡಿದರೆ ದೀಪು!

"ಗೆದ್ದೋರು ನಾವು ಗುರು. ನಮ್ ಫೋಟೋ ತೆಗ್ಯೋವರ್ಗೂ ನೆಲ ನಮ್ದೇ," ಎಂದಳು.

ಪೀಣ್ಯದವರೆಲ್ಲ ಬಂದರು, ನಮ್ಮವರೂ ಬಂದರು. ಆ ಮೂಲೆಯ ಸುತ್ತ ಹಲಗೆಗೊಬ್ಬಳಂತೆ ನಿಂತೆವು. ಅಜ್ಜಿ ಅಲ್ಲೇ ಉಳಿದೊಂದು ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು. ಶೇಖರಪ್ಪ ರಸ್ತೆಯತ್ತ ನೋಡಿ ಹಣೆ ಚಚ್ಚಿಕೊಂಡ.

ಮಹಾನಂದಾ ಮೊದಲನೆಯದನ್ನು ತಪ್ಪಿಸಿದಳು. ಚೆಂಡು ಬಳೆಗೆ ಬಡಿದು ದೂರ ಉರುಳಿತು. ಯಾರೂ ಹಲಗೆಯಿಂದ ಕಾಲೆತ್ತಲಿಲ್ಲ. ಅದನ್ನು ಹಿಡಿದು ತಂದ ಬಸಲಿಂಗ ಬುಟ್ಟಿಯ ಕೆಳಗೆ ನಿಂತಿದ್ದ. ಕೊಡಲೋ ಬೇಡವೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ.

ಅವಳು ಅವನನ್ನು ನೋಡಿದಳು. ಆಮೇಲೆ ನಕ್ಕಳು.

"ಯಣ್ಣಾ, ಈಗ ಒಗಿ."

ಅವನು ಒಗೆದ. ಚೆಂಡು ಬಲೆಗೆ ಬಿತ್ತು. ಮತ್ತೆ ಒಗೆದ, ಮತ್ತೆ ಬಿತ್ತು. ನೀಲಾಂಬಿಕಾ ಅವಳ ಮೊಣಕೈಯನ್ನಷ್ಟೇ ನೋಡುತ್ತಿದ್ದರು. ಕೊನೆಗೆ ಸಾಕು ಎಂದು ಕೈಯೆತ್ತಿದರು.

"ಸೋಮವಾರ ಹುಬ್ಬಳ್ಳಿಗೆ ಬಾ. ಎರಡು ತಿಂಗಳು ನಮ್ಮ ಹುಡಿಗ್ಯಾರ ಜೋಡಿ ಆಡು, ಆಮ್ಯಾಲೆ ಹೇಳ್ತೀನಿ. ಉಗುರು ಕತ್ತರಿಸ್ಕೊಂಡು ಬಾ."

ನಾವು ಒಬ್ಬೊಬ್ಬರಾಗಿ ಇಳಿದೆವು. ಆಳುಗಳು ಹಲಗೆಗಳನ್ನು ಎತ್ತಿದರು. ಕೊನೆಗೆ ಉಳಿದದ್ದು ಅಜ್ಜಿ ಕೂತಿದ್ದ ಹಲಗೆಯೊಂದೇ.

"ಅಜ್ಜೀ, ಏಳಜ್ಜಿ, ನಿನ್ ಕಾಲಿಗ್ ಬೀಳ್ತೀನಿ," ಎಂದ ಶೇಖರಪ್ಪ.

"ತಡಿಯಪ್ಪ," ಎಂದಳು ಅಜ್ಜಿ, "ಕಾಲು ಜೋಮಿಡ್ದೈತೆ."