ದೀಪ ಹಚ್ಚುವ ಹೊತ್ತಿನ ಹೊಗೆ

ಹೊತ್ತು ಇಳಿಯತೊಡಗಿದರೆ ಯಂಕಮ್ಮನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯ ಮುಂದೆ ಕೂತವಳು ಎದ್ದು ಹಿತ್ತಲ ಬಾಗಿಲಿಗೆ ಹೋಗುವಳು, ಅಲ್ಲಿಂದ ತೊಟ್ಟಿಲಿಗೆ, ಮತ್ತೆ ಒಲೆಗೆ. ಇನ್ನೂ ವರ್ಷ ತುಂಬದ ಮಗಳು ಸಿದ್ದವ್ವ ಹಗಲೆಲ್ಲ ಆಡಿಕೊಂಡಿದ್ದು, ದೀಪ ಹಚ್ಚುವ ಹೊತ್ತಿಗೆ ಒಲೆಯ ಹೊಗೆಗೆ ಎದೆ ಗೊರಗೊರ ಎನ್ನಿಸುತ್ತ ಉಸಿರಿಗೆ ಒದ್ದಾಡುತ್ತಿದ್ದಳು. ನಾಳೆಯಿಂದ ಬೆಳಗಿನ ಹೊತ್ತೂ ಅದೇ ಗತಿ. ಅತ್ತೆ ಜೋಗಮ್ಮ ಹೊಗೆ ಹೋಗುವ ಅಡಿಗೆಮನೆಯ ಬೆಳಕಿಂಡಿ ಮುಚ್ಚಿಸಲು ನಾಳೆ ಬರುವಂತೆ ಗೌಂಡಿ ದಾವಲ್‌ಸಾಬನಿಗೆ ಹೇಳಿಕಳಿಸಿದ್ದಳು.

ಮಸ್ಕಿಯ ಆ ಮಣ್ಣಿನ ಮಾಳಿಗೆ ಮನೆಗೆ ಮೊದಲು ಬೆಳಕಿಂಡಿ ಇರಲಿಲ್ಲ. ಜೋಗಮ್ಮ ಹೊಗೆಯಲ್ಲೇ ರೊಟ್ಟಿ ಬಡಿದು ಕಣ್ಣು ಮಂಜು ಮಾಡಿಕೊಂಡಿದ್ದಳು. ಅಂಬೆಗಾಲಿಡುವ ಕೂಸನ್ನು ಅವಳ ಕೈಯಲ್ಲಿ ಬಿಡುವಂತಿರಲಿಲ್ಲ, ಹಾಗಾಗಿ ತೊಟ್ಟಿಲು ಒಲೆಯ ಹತ್ತಿರವೇ. ಲಿಂಗಸುಗೂರಿನ ತಹಸೀಲಿನಲ್ಲಿ ಚಪರಾಸಿಯಾಗಿದ್ದ ಗಂಡ ಕನಕರಾಯ ಹೋದ ಸಲ ಊರಿಗೆ ಬಂದಾಗ ಗೋಡೆಗೆ ಕಿಟಕಿ ಬಿಡಿಸಲು ನೋಡಿದ. ಗೋಡೆಯಾಚೆ ಖಾಸಿಂಬೀಯ ಅಂಗಳ; ಅವರ ಮನೆಯ ಹೆಣ್ಣುಮಕ್ಕಳು ಗೋಷಾದವರು, ಪರರ ಕಣ್ಣಿಗೆ ಬೀಳುವಂತಿಲ್ಲ. ಬುಡ ಒಡೆದ ಗಡಿಗೆಗಳನ್ನು ಒಂದರ ಮೇಲೊಂದು ಕೂರಿಸಿ ಕೊಳವೆ ಕಟ್ಟೋಣವೆಂದರೆ ಒಲೆಯ ನೆತ್ತಿಗೆ ಸರಿಯಾಗಿ ತೊಲೆ ಹಾದಿತ್ತು. ಕೊನೆಗೆ ದಾವಲ್‌ಸಾಬ್ ತೊಲೆಯ ಪಕ್ಕದಲ್ಲಿ ಮಾಳಿಗೆಗೆ ಕಿಂಡಿ ಬಿಟ್ಟ.

ಬೆಳಿಗ್ಗೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಸಂಜೆ ಮಾತ್ರ ಕಿಂಡಿಯ ಬಾಯಿಯವರೆಗೆ ಹೋಗಿ, ಏನೋ ನೆನಪಾದಂತೆ ತಿರುಗಿ ಇಳಿಯುತ್ತಿತ್ತು. ಸಂಜೆಯ ಗಾಳಿ ಹೊಗೆಯನ್ನು ಒಳಗೆ ತಳ್ಳುತ್ತದೆಂದು ಖಾಸಿಂಬೀ ಹೇಳಿದಳು. ಕಿಂಡಿಯೇ ಅಪಶಕುನ, ಮಳೆ ಬಂದರೆ ಮಾಳಿಗೆಯ ಮಣ್ಣೂ ಕರಗುತ್ತದೆ ಎಂದಳು ಜೋಗಮ್ಮ. ಯಂಕಮ್ಮನ ಮನಸ್ಸು ಎರಡನ್ನೂ ಒಪ್ಪಲಿಲ್ಲ. ಗಾಳಿ ಅಲ್ಲಾಡದ ಸಂಜೆಯೂ ಹೊಗೆ ತುಂಬಿದ್ದನ್ನು ಅವಳು ಕಂಡಿದ್ದಳು.

ಈ ದಿನ ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಕೂಸನ್ನು ಖಾಸಿಂಬೀಯ ಹತ್ತಿರ ಬಿಟ್ಟು, ಅವಳು ಸುಮ್ಮನೆ ಹತ್ತಿಕಟ್ಟಿಗೆಗೆ ಬೆಂಕಿ ಇಟ್ಟಳು. ಹೊಗೆ ಮೇಲೇರಿತು. ಹಿತ್ತಲ ಬಾಗಿಲು ಹಾಕಿದಳು, ನಡುಮನೆಯ ಕದವನ್ನೂ ಹಾಕಿದಳು. ಎರಡು ರೊಟ್ಟಿ ಬೇಯುವಷ್ಟರಲ್ಲಿ ಕಣ್ಣು ಉರಿಯಿತು. ಬಾಗಿಲು ತೆರೆದಳು, ಹೊಗೆ ಮತ್ತೆ ಎದ್ದು ಹೋಯಿತು. ಗಾಳಿಗೆ ಒಳಗೆ ಬರಲು ದಾರಿಯಿಲ್ಲದೆ ಹೊಗೆಗೆ ಹೊರಗೆ ಹೋಗಲು ದಾರಿಯೊಂದಿದ್ದರೆ ಸಾಲದು, ಅಷ್ಟೇ.

ಅಷ್ಟೇ ಎಂದುಕೊಂಡರೂ ಬಾಗಿಲು ತೆರೆದಿಡುವುದು ಅವಳ ಕೈಯಲ್ಲಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಜೋಗಮ್ಮ ತಲೆಬಾಗಿಲು ತೆರೆದು ಹಿತ್ತಲ ಬಾಗಿಲು ಹಾಕುತ್ತಿದ್ದಳು. ಮುಂದೆ ಬಂದ ಲಕ್ಷ್ಮಿ ಹಿಂದೆ ಹೋಗಬಾರದು. ನಡುಮನೆಯ ದೇವರ ಜಗುಲಿಗೆ ಮಸಿ ಹಿಡಿಯಬಾರದೆಂದು ಅಲ್ಲಿಯ ಕದವನ್ನೂ ಎಳೆಯುತ್ತಿದ್ದಳು. ಯಂಕಮ್ಮ ಒಮ್ಮೆ ಬೇಡವೆಂದಿದ್ದಕ್ಕೆ, ತವರಿಂದ ಏನು ತಂದೀಯಂತ ಲಕ್ಷ್ಮೀನ ಹೊರಗ ಕಳಸ್ತಿ ಎಂದು ಓಣಿಗೆ ಕೇಳುವಂತೆ ಅಂದಿದ್ದಳು.

ಈ ಸಂಜೆಯೂ ಬಾಗಿಲು ಬಿತ್ತು. ಒಲೆ ಹೊತ್ತಿತು. ತೊಟ್ಟಿಲಲ್ಲಿ ಗೊರಗೊರ ಶುರುವಾಯಿತು. ಯಂಕಮ್ಮ ಎದ್ದು, ಕೂತು, ಮತ್ತೆ ಎದ್ದು, ಅಡಿಗೆಮನೆಯ ಮೂಲೆಯಲ್ಲಿ ಮುಸುರೆ ನೀರು ಹೊರಹೋಗುವ ಬಚ್ಚಲ ತೂಬಿನ ಮುಂದೆ ಮಂಡಿಯೂರಿದಳು. ಹಾವು ಬರದಂತೆ ತುರುಕಿದ್ದ ಚಿಂದಿಬಟ್ಟೆಯನ್ನು ಕಿತ್ತು, ಆ ಜಾಗಕ್ಕೆ ತೂತಿನ ಹಳೆಯ ಜರಡಿಯನ್ನು ಒತ್ತಿಟ್ಟಳು. ನೆಲದ ಬೂದಿ ಮೆಲ್ಲಗೆ ಒಲೆಯ ಕಡೆ ಸರಿಯಿತು. ತಲೆಯ ಮೇಲಿನ ಹೊಗೆ ಅಲ್ಲಾಡಿ, ತೆಳುವಾಗಿ, ಕಿಂಡಿ ಹಿಡಿಯಿತು.

ಹೊಗೆಯ ಘಾಟು ಕಡಿಮೆಯಾದದ್ದು ಮೂಗಿಗೆ ತಿಳಿದು ಜೋಗಮ್ಮ ಕದ ತಳ್ಳಿಕೊಂಡು ಬಂದಳು. ಕೈಯಲ್ಲಿ ದೀಪವಿತ್ತು.

"ಬಾಗ್ಲಾ ತಗದೀ ಏನಬೇ?"

"ಇಲ್ಲತ್ತಿ. ತೂಬು ತಗದೀನಿ."

ಜೋಗಮ್ಮನ ಮುಖ ಬಿಗಿಯಿತು. ಬಾಗಿಲಲ್ಲಿ ಹೋಗದ ಲಕ್ಷ್ಮಿ ಬಚ್ಚಲಲ್ಲಿ ಹೋದಾಳು, ಅದೂ ಮುಸುರೆ ನೀರಿನ ಹಿಂದೆ ಎಂದು ಗೊಣಗುತ್ತ ದೀಪವನ್ನು ತೂಬಿನ ಮುಂದೆ ಇಟ್ಟಳು. ಬೆಳಕು ಹೊಯ್ದಾಡಿದ್ದಕ್ಕೆ, ಚಿಂದಿಗಾಗಿ ತಡಕಾಡುತ್ತಿದ್ದ ಅವಳ ಕೈ ನಿಂತಿತು.

"ದೀಪದ ಕುಡಿ ಎತ್ತಾಗ ವಾಲೈತಿ? ನಂಗ ಕಾಣವಲ್ದು."

"ನಮ್ ಕಡೀಗೆ. ಒಳಗ ಬರಾಕತ್ತೈತತ್ತಿ, ಹೊರಗ ಹೋಗಾಕತ್ತಿಲ್ಲ."

ಸೊಸೆಯ ಮಾತು ನಂಬುವ ಹೆಂಗಸಲ್ಲ ಅವಳು. ಅಂಗೈಯನ್ನು ನಾಲಿಗೆಗೆ ತಾಗಿಸಿ ಜರಡಿಗೆ ಹಿಡಿದಳು. ತಂಪಾಯಿತು. ಕೈ ತಿರುಗಿಸಿ ಹಿಡಿದಳು, ಅಂಗೈಯ ತಂಪು ನಿಂತಿತು. ತೊಟ್ಟಿಲಿನ ಸದ್ದು ಆಗಲೇ ಹಗುರಾಗಿತ್ತು.

"ಹಂಗಾರ ಇದೂ ತಲಿಬಾಗ್ಲನ ಆತು," ಎಂದಳು ಕೊನೆಗೆ. "ಮುಂಜಾನಿ ಇಲ್ಲೂ ಸಾರಿಸಿ ರಂಗೋಲಿ ಹಾಕು. ಮುಸುರಿ ನೀರು ಹಿತ್ತಲಿಗೆ ಹೊತ್ಹಾಕು, ಇದರಾಗ ಬಿಡಬ್ಯಾಡ."

ದಾವಲ್‌ಸಾಬ್ ಬಂದರೆ ಏನು ಹೇಳಲಿ ಎಂದು ಯಂಕಮ್ಮ ಕೇಳಿದಳು. ಮಳೆಗೆ ಮುಚ್ಚಳ ಮಾಡಲು ಹೇಳು, ಕಿಂಡಿ ಮುಟ್ಟುವುದು ಬೇಡ ಎಂದು ಜೋಗಮ್ಮ ಎದ್ದುಹೋದಳು.

ಯಂಕಮ್ಮ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಕಿಂಡಿಯಲ್ಲಿ ಮೋಡ ಕಾಣುತ್ತಿತ್ತು. ಮುಚ್ಚಳ ಬಿಗಿಯಾಗಿ ಕೂತರೆ ಹೊಗೆ ಮತ್ತೆ ಒಳಗೇ. ಮೂರು ಕಲ್ಲಿನ ಮೇಲೆ ಎತ್ತರಿಸಿ ಗಡಿಗೆ ಬೋರಲು ಹಾಕಿದರೆ? ಮಳೆಯ ಇರಚಲು ಹೊಡೆದರೆ? ರೊಟ್ಟಿ ತಿರುವಿಹಾಕುವುದು ಮರೆತು, ಒಂದು ಕೈ ತೊಟ್ಟಿಲಿನ ಮೇಲಿಟ್ಟು, ಅವಳು ಮೇಲೆಯೇ ನೋಡುತ್ತಿದ್ದಳು.