ಅಪೂರ್ವಾ ‘ಸರಿ’ ಅಂದದ್ದು

ಬುಟ್ಟಿಗೆ ತಳವೇ ಇಲ್ಲದ ಆಟ ಅದು. ಮೊದಲ ಸಲ ನೋಡಿದಾಗ ನೀಲವ್ವನಿಗೆ ನಗು ತಡೆಯಲಾಗಲಿಲ್ಲ. ಅಷ್ಟು ಓಡಿ, ಅಷ್ಟು ಜಿಗಿದು ಚೆಂಡನ್ನು ಬುಟ್ಟಿಗೆ ಹಾಕುವುದು, ಅದು ಕೆಳಗಿನಿಂದ ಜಾರಿ ಬೀಳುವುದು, ಮತ್ತೆ ಎತ್ತಿಕೊಂಡು ಓಡುವುದು. ಬುಟ್ಟಿಗೆ ಒಂದು ತಳ ಹೊಲಿಸಿದರೆ ಹುಡುಗಿಯರಿಗೆ ಇಷ್ಟು ದಣಿವಿಲ್ಲವಲ್ಲ ಅಂತ ಮೊಮ್ಮಗಳಿಗೆ ಹೇಳಿದಳು. ಅಪೂರ್ವಾ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಟೀಮಿನವರಿಗೆಲ್ಲ ಹೇಳಿ, ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕು, ಅವತ್ತಿನಿಂದ ಮೊಮ್ಮಗಳೊಬ್ಬಳಿಗೇ ಆಯಿ ಆಗಿದ್ದ ನೀಲವ್ವ ಆ ಟೀಮಿಗೇ ಆಯಿ ಆದಳು.

ನಕ್ಕದ್ದು ಆ ಒಂದು ದಿನ ಮಾತ್ರ. ಆಮೇಲೆ ಅದರಲ್ಲಿ ನಗುವಂಥದ್ದು ಏನೂ ಇಲ್ಲ ಅಂತ ಅವಳಿಗೆ ಗೊತ್ತಾಯಿತು.

ನೀಲವ್ವ ಸಿಂದಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಗ ಸಂಗಮೇಶ ಲಂಡನ್ನಿನ ಫೆಲ್ಥಮ್ಮಿಗೆ ಕರೆದುಕೊಂಡು ಬಂದಿದ್ದ. ಮಗ ಏರ್‌ಪೋರ್ಟಿನಲ್ಲಿ ವಿಮಾನಕ್ಕೆ ಸಾಮಾನು ಏರಿಸುವವನು, ಸೊಸೆ ಸುವರ್ಣಾ ವಿಮಾನದ ಊಟ ಕಟ್ಟುವ ಅಡಿಗೆಮನೆಯಲ್ಲಿ. ಇಬ್ಬರದೂ ಬೇರೆ ಬೇರೆ ಪಾಳಿ. ಒಬ್ಬರು ಬಾಗಿಲು ತೆಗೆದು ಒಳಗೆ ಬರುವ ಹೊತ್ತಿಗೆ ಇನ್ನೊಬ್ಬರು ಬೂಟು ಕಟ್ಟಿಕೊಳ್ಳುತ್ತಿರುವರು. ಹಾಗಾಗಿ ಅಪೂರ್ವಾಳ ಮ್ಯಾಚಿಗೆ ಹೋಗುವುದಕ್ಕೆ ಮನೆಯಲ್ಲಿ ಪುರುಸೊತ್ತಿದ್ದವಳು ನೀಲವ್ವ ಒಬ್ಬಳೇ. ಸೀರೆಯ ಮೇಲೆ ಮಗನ ಹಳೆಯ ಕೋಟು ಹಾಕಿಕೊಂಡು, ಡಬ್ಬಿಯಲ್ಲಿ ಶೇಂಗಾದ ಉಂಡಿ ತುಂಬಿಕೊಂಡು, ಬಸ್ಸು ಹತ್ತಿ ಹೋಗುವಳು.

ಅಪೂರ್ವಾಳಿಗೆ ಕಾಲೇಜಿನ ಕಡೆಯ ವರ್ಷ ಅದು. ಮುಂದೇನು ಅನ್ನುವುದನ್ನು ಸಂಗಮೇಶ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ಉತ್ತರದ ಕಡೆಯ ಒಂದು ಯೂನಿವರ್ಸಿಟಿ ಪ್ರತಿ ವರ್ಷ ಈ ಟೀಮಿನಿಂದ ಒಬ್ಬ ಹುಡುಗಿಯನ್ನು ಆಡುವುದಕ್ಕೆ ಕರೆದುಕೊಂಡು, ಅವಳ ಓದಿನ ಭಾರವನ್ನೂ ತಾನೇ ಹೊರುತ್ತಿತ್ತು. ಆ ಸೀಟು ಸಿಕ್ಕರೆ ಹೋಗು, ಸಿಗದಿದ್ದರೆ ಏರ್‌ಪೋರ್ಟಿನಲ್ಲಿ ನನ್ನ ಸಾಹೇಬರಿಗೆ ಹೇಳಿ ಸೇರಿಸುತ್ತೇನೆ, ಅಂದಿದ್ದ. ಸಿಟ್ಟಿನಿಂದ ಅಂದದ್ದಲ್ಲ. ಅವನ ಕೈಲಾದದ್ದು ಅಷ್ಟೇ ಇತ್ತು. ಯಾವ ಹುಡುಗಿ ಹೋಗಬೇಕು ಅಂತ ಹೇಳುವವಳು ಕೋಚ್ ಡೆನಿಸ್. ಗಟ್ಟಿ ದನಿಯ, ಎತ್ತರದ ಹೆಂಗಸು. ನೀಲವ್ವ ಅವಳನ್ನು ಡೆನಿಸವ್ವ ಅನ್ನುವಳು.

ಪಶ್ಚಿಮ ಲಂಡನ್ನಿನ ಕಾಲೇಜುಗಳ ಲೀಗು ಅಂದರೆ ಹುಡುಗಾಟವಲ್ಲ. ಶುರುವಿನಲ್ಲೇ ಎರಡು ಮ್ಯಾಚು ಸೋತರು. ಅಪೂರ್ವಾ ಚೆಂಡು ತರುವವಳು, ಯಾರು ಎಲ್ಲಿಗೆ ಓಡಬೇಕು ಅಂತ ಕೂಗಿ ಹೇಳುವವಳು. ಅವಳು ಕೂಗಿದ್ದು ಎದುರಿನವರಿಗೂ ತಿಳಿಯುತ್ತಿತ್ತಲ್ಲ, ಅವರು ಮೊದಲೇ ಹೋಗಿ ಅಡ್ಡ ನಿಲ್ಲುವರು. ಎರಡನೆಯ ಮ್ಯಾಚು ಸೋತು ಬಸ್ಸಿಗೆ ಕಾಯುತ್ತ ನಿಂತಾಗ ನೀಲವ್ವ, ಅವರಿಗೆ ತಿಳಿಯದ ಹಾಗೆ ಕೂಗಬಾರದೇನ, ನಮ್ಮ ಮಾತಿನ್ಯಾಗ ಕೂಗು, ಅಂದಳು.

ಟೀಮಿನಲ್ಲಿ ಕನ್ನಡದ ಹುಡುಗಿ ಇನ್ನೊಬ್ಬಳಿದ್ದಳು, ಮಾಳವಿಕಾ. ಮೈಸೂರಿನವರು. ತಂದೆ ಮಾಧವ, ತಾಯಿ ವಿಭಾ, ಇಬ್ಬರೂ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ಮಾಳವಿಕಾ ಒಳ್ಳೆಯ ಹುಡುಗಿ. ಆಯಿಯ ಉಂಡಿಗೆ ಮೊದಲು ಕೈ ಚಾಚುವವಳು ಅವಳೇ. ಅಪೂರ್ವಾ ‘ಒಗಿ’ ಅಂತ ಕೂಗಿದ ಮೊದಲ ದಿನ ಅವಳು ಚೆಂಡು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಳು. ಅವರ ಮನೆಯಲ್ಲಿ ಒಗೆಯುವುದು ಅಂದರೆ ಬಟ್ಟೆ ಒಗೆಯುವುದು. ನೀಲವ್ವ ಕೂತಲ್ಲಿಂದಲೇ ಕೈ ಬೀಸಿ, ಎಸಿ, ಎಸಿ, ಅಂತ ತೋರಿಸಿದಳು. ಆಮೇಲೆ ‘ಒಗಿ’ ಅಂದರೆ ಬುಟ್ಟಿಗೆ ಎಸೆಯುವುದು, ‘ನಿಂದರು’ ಅಂದರೆ ಇದ್ದಲ್ಲೇ ಇರುವುದು, ‘ಹಿಂದ’ ಅಂದರೆ ಹಿಂದೊಬ್ಬಳು ಬಂದಿದ್ದಾಳೆ ಅಂತ ಕೂತು ಗಟ್ಟಿ ಮಾಡಿಕೊಂಡರು. ನೈಜೀರಿಯಾದ ಹುಡುಗಿ, ಪೋಲೆಂಡಿನ ಹುಡುಗಿ, ಸೊಮಾಲಿ ಹುಡುಗಿ, ಎಲ್ಲರ ಬಾಯಲ್ಲೂ ಸಿಂದಗಿಯ ಮಾತು. ಎದುರಿನವರು ಮಿಕಿ ಮಿಕಿ ನೋಡುವರು. ಚಳಿಗಾಲ ಮುಗಿಯುವ ತನಕ ಟೀಮು ಸೋಲಲಿಲ್ಲ.

ವಿಭಾ ಅಪರೂಪಕ್ಕೆ ಮ್ಯಾಚಿಗೆ ಬರುತ್ತಿದ್ದಳು. ಬಂದರೆ ನೀಲವ್ವನ ಪಕ್ಕ ಒಂದು ಕುರ್ಚಿ ಬಿಟ್ಟು ಕೂರುವಳು. ಚೆನ್ನಾಗಿದ್ದೀರಾ ಅಜ್ಜಿ ಅಂತ ಕೇಳುವಳು, ಉತ್ತರ ಬರುವುದರೊಳಗೆ ಫೋನು ನೋಡುವಳು. ಒಂದು ಸಲ ಮಾತ್ರ, ನಿಮ್ಮ ಕಡೆ ಭಾಷೆ ಸ್ವಲ್ಪ ಒರಟು ಅಲ್ವಾ, ಮಾಳು ಮನೇಲೂ ಒಗಿ ಒಗಿ ಅಂತಾಳೆ, ಅಂದಿದ್ದಳು. ನೀಲವ್ವ ನಕ್ಕು ಸುಮ್ಮನಾಗಿದ್ದಳು. ಸುಮ್ಮನಿರುವುದು ಅವಳಿಗೆ ಅಭ್ಯಾಸ.

ಮಾರ್ಚಿನಲ್ಲಿ ಫೈನಲ್. ಎದುರಿಗೆ ಕೊಲಿಂಡೇಲ್ ಕಡೆಯ ಕಾಲೇಜು. ಯೂನಿವರ್ಸಿಟಿಯಿಂದ ಒಬ್ಬ ಗಂಡಸು ಬಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಸೀಟು ಸಿಕ್ಕರೆ ಅಪೂರ್ವಾಳಿಗೆ, ಇಲ್ಲದಿದ್ದರೆ ಮಾಳವಿಕಾಗೆ ಅಂತ ಟೀಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಳವಿಕಾ ಆ ಸೀಟು ಸಿಗದಿದ್ದರೂ ಓದಲು ಹೋಗುವವಳೇ. ಅದೂ ಎಲ್ಲರಿಗೂ ಗೊತ್ತಿತ್ತು.

ಆಟ ಕೊನೆಗೆ ಬಂತು. ಅಪೂರ್ವಾಳ ಟೀಮು ಒಂದೇ ಪಾಯಿಂಟು ಮುಂದಿತ್ತು. ಚೆಂಡು ಅಪೂರ್ವಾಳ ಕೈಯಲ್ಲಿ. ಬುಟ್ಟಿಯ ಕಡೆ ನುಗ್ಗಿದಳು. ದಾರಿ ಬಿಚ್ಚಿಕೊಂಡಿತ್ತು, ಆದರೆ ಆ ದಾರಿಯಲ್ಲೇ ಮಾಳವಿಕಾ ಬೆನ್ನು ತಿರುಗಿಸಿ ನಿಂತಿದ್ದಳು. ಅಪೂರ್ವಾ ‘ಸರಿ’ ಅಂತ ಕೂಗಿದಳು.

ಅದು ಅವರು ಗಟ್ಟಿ ಮಾಡಿಕೊಂಡ ಮಾತುಗಳಲ್ಲಿ ಇರಲಿಲ್ಲ. ಅದು ಮನೆಯ ಮಾತು. ಫೆಲ್ಥಮ್ಮಿನ ಆ ಸಣ್ಣ ಅಡಿಗೆಮನೆಯಲ್ಲಿ ನೀಲವ್ವ ಬಿಸಿ ಹಂಚು ಹಿಡಿದು ತಿರುಗುವಾಗ ಮೊಮ್ಮಗಳು ಅಡ್ಡ ನಿಂತಿದ್ದರೆ, ಸರಿ ಸರಿ ಆಕಡೆ, ಅನ್ನುವಳು. ಹುಡುಗಿ ಸಣ್ಣವಳಿದ್ದಾಗಿನಿಂದ ಆ ಮಾತಿಗೆ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು. ಅವಸರದಲ್ಲಿ ಬಾಯಿಗೆ ಬಂದದ್ದು ಅದೇ.

ಮಾಳವಿಕಾಗೆ ಸರಿ ಅಂದರೆ ಓಕೆ. ಊಟ ಆಯ್ತಾ ಅಂದರೆ ಸರಿ, ಮಲಗು ಅಂದರೆ ಸರಿ. ತಾನು ನಿಂತದ್ದು ಸರಿಯಾಗಿದೆ ಅಂದುಕೊಂಡು ಕಾಲು ಇನ್ನಷ್ಟು ಗಟ್ಟಿಯಾಗಿ ಊರಿದಳು. ಅಪೂರ್ವಾ ಬಂದ ರಭಸಕ್ಕೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಚೆಂಡು ಉರುಳಿ ಕೊಲಿಂಡೇಲಿನವರ ಕೈಗೆ ಹೋಯಿತು. ಅವರು ಆ ತುದಿಗೆ ಓಡಿ ಬುಟ್ಟಿಗೆ ಹಾಕಿದರು. ಸೀಟಿ ಊದಿದರು. ಚಳಿಗಾಲವೆಲ್ಲ ಗೆದ್ದದ್ದು ಅಲ್ಲಿಗೆ ಮುಗಿಯಿತು.

ಅಪೂರ್ವಾ ಯಾರ ಮುಖವನ್ನೂ ನೋಡದೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿಬಿಟ್ಟಳು. ನೀಲವ್ವ ಅವಳ ಬೂಟಿನ ಚೀಲ ಹಿಡಿದು ಬಾಗಿಲ ಹೊರಗೆ ನಿಂತಳು. ಅಲ್ಲೇ ಡೆನಿಸವ್ವ ಮಾಳವಿಕಾಳನ್ನು ನಿಲ್ಲಿಸಿ ಏನೋ ಕೇಳುತ್ತಿದ್ದಳು. ಇಂಗ್ಲಿಷು ನೀಲವ್ವನಿಗೆ ಬಾರದು, ಆದರೆ ಮುಖ ಓದಲು ಬರುತ್ತಿತ್ತು. ಆ ಹುಡುಗಿ ನಿನಗೆ ಏನಂದಳು, ಯಾಕೆ ಸರಿಯಲಿಲ್ಲ, ಅಂತ ಕೇಳುತ್ತಿದ್ದಾಳೆ. ಮಾಳವಿಕಾ ಅಳುತ್ತ, ‘ಸರಿ’ ಅಂದಳು, ಅಂತ ಹೇಳಿದಳು. ಸುಳ್ಳೇನೂ ಹೇಳಲಿಲ್ಲ ಹುಡುಗಿ.

ಅಷ್ಟರಲ್ಲಿ ವಿಭಾ ಮಗಳ ಕೋಟು ಹಿಡಿದು ಬಂದಳು. ಡೆನಿಸವ್ವ ಅವಳ ಕಡೆ ತಿರುಗಿ ಕೇಳಿದಳು. ಆ ಪ್ರಶ್ನೆ ನೀಲವ್ವನಿಗೂ ತಿಳಿಯಿತು, ಅದರಲ್ಲಿ ಸರಿ ಅನ್ನುವ ಮಾತಿತ್ತು. ನಿಮ್ಮ ಭಾಷೆಯಲ್ಲಿ ಸರಿ ಅಂದರೇನು?

ವಿಭಾ ಮಗಳನ್ನು ನೋಡಿದಳು. ಮೂಲೆಯಲ್ಲಿ ಡೆನಿಸವ್ವನಿಗೆ ಕಾಯುತ್ತಿದ್ದ ಯೂನಿವರ್ಸಿಟಿಯ ಗಂಡಸನ್ನು ನೋಡಿದಳು. ಆಮೇಲೆ, “ಓಕೆ,” ಅಂದಳು. “ಓಕೆ ಅಂತ.”

ಡೆನಿಸವ್ವನ ಮುಖ ಗಂಟಿಕ್ಕಿತು. ನಿಂತದ್ದು ಓಕೆ, ಅಲ್ಲೇ ಇರು ಅಂತ ಮಾಳವಿಕಾಗೆ ಹೇಳಿ, ಅಪೂರ್ವಾ ಅವಳ ಮೇಲೇ ನುಗ್ಗಿದಳು, ಹೆಸರು ತನಗೊಬ್ಬಳಿಗೇ ಬರಲಿ ಅಂತ. ಹಾಗೆ ಡೆನಿಸವ್ವ ಲೆಕ್ಕ ಹಾಕಿದ್ದು ಆಮೇಲೆ ಗೊತ್ತಾಯಿತು.

ನೀಲವ್ವ ವಿಭಾಳ ಕಡೆ ಒಂದು ಹೆಜ್ಜೆ ಮುಂದೆ ಬಂದಳು.

“ಬಾಯಾರ, ಸರಿ ಅಂದ್ರ ಆಕಡೆ ಸರಕೋ ಅಂತಾನೂ ಆಗ್ತದಲ್ರಿ. ಅದನ್ನೂ ಹೇಳ್ರಿ ಅವರಿಗೆ.”

“ಅಜ್ಜಿ, ನಮ್ಮ ಕಡೆ ಹಾಗನ್ನಲ್ಲ,” ಅಂದಳು ವಿಭಾ. ದನಿ ಮೆತ್ತಗೇ ಇತ್ತು.

“ನಿಮ್ಮ ಕಡೆ ಯಾರೂ ಸರಿಯಂಗೇ ಇಲ್ಲೇನ್ರಿ?”

ಡೆನಿಸವ್ವ, ಮುದುಕಿ ಏನನ್ನುತ್ತಿದ್ದಾಳೆ ಅಂತ ವಿಭಾಳನ್ನೇ ಕೇಳಿದಳು. ವಿಭಾ ನಕ್ಕು ಏನೋ ಹೇಳಿದಳು. ಅದರಲ್ಲಿಯೂ ಒಂದು ಓಕೆ ಇತ್ತು. ಡೆನಿಸವ್ವ ನೀಲವ್ವನ ಭುಜ ಮುಟ್ಟಿ, ಥ್ಯಾಂಕ್ಯೂ, ಅಂದು ಹೋದಳು. ಏನೂ ಬೇಜಾರಿಲ್ಲ ಅಂತ ಮುದುಕಿ ಹೇಳಿತು ಅಂತ ತಿಳಿದುಕೊಂಡು ಹೋದಳು ಅಂತ ಕಾಣುತ್ತದೆ.

ಬಸ್ಸಿನಲ್ಲಿ ನೀಲವ್ವ ನಡೆದದ್ದನ್ನೆಲ್ಲ ಹೇಳಿದಳು. ಅಪೂರ್ವಾ ಮರುದಿನವೇ ಡೆನಿಸವ್ವನ ಹತ್ತಿರ ಹೋಗಿ, ನಾನು ಸರಿದು ನಿಲ್ಲು ಅಂದದ್ದು, ಅಂತ ಹೇಳಿದಳು. ನಂಬಿಸಲಿಕ್ಕೆ ಫೋನಿನಲ್ಲಿ ಆ ಮಾತು ಬರೆದು ತೋರಿಸಿದಳು. ಫೋನೂ ಓಕೆ ಅಂತಲೇ ಹೇಳಿತು. ಡೆನಿಸವ್ವ ಸಿಟ್ಟಾಗಲಿಲ್ಲ, ಅದೇ ಹೆಚ್ಚು ನೋವಾಯಿತು ಹುಡುಗಿಗೆ. ಸೋತದ್ದಕ್ಕೆ ನೆಪ ಹುಡುಕಬೇಡ, ಭಾಷೆ ಬಲ್ಲ ಡಾಕ್ಟರೇ ನನ್ನೆದುರು ಹೇಳಿದ್ದಾರೆ, ಅಂದಳಂತೆ. ಆ ವಾರದಲ್ಲೇ ಯೂನಿವರ್ಸಿಟಿಗೆ ಮಾಳವಿಕಾಳ ಹೆಸರು ಹೋಯಿತು.

ಸಂಗಮೇಶ ಮಗಳ ಪರೀಕ್ಷೆ ಮುಗಿದ ಮೇಲೆ ಸಾಹೇಬರಿಗೆ ಹೇಳಿದ. ಅಪೂರ್ವಾಳ ಕೆಲಸ, ವಿಮಾನಕ್ಕೆ ಹೋಗುವವರು ಚೀಲ ತಪಾಸಣೆಗೆ ಸಾಲು ಹಚ್ಚುತ್ತಾರಲ್ಲ, ಆ ಸಾಲಿನ ಪಕ್ಕ ನಿಂತು ಜನರನ್ನು ಸರಿಸಿ ದಾರಿ ಮಾಡಿ ಮುಂದೆ ಮುಂದೆ ಕಳಿಸುವುದು. ಚೆಂಡನ್ನು ಮಂಚದ ಕೆಳಗೆ ಉರುಳಿಸಿದಳು. ಕಸ ಗುಡಿಸುವಾಗ ಕಸಬರಿಗೆಗೆ ತಾಗಿದರೆ ನೀಲವ್ವ ಅದನ್ನು ಮೆಲ್ಲಗೆ ಇದ್ದಲ್ಲಿಗೇ ತಳ್ಳುವಳು.

ನವೆಂಬರಿನಲ್ಲಿ ವೆಂಬ್ಲಿಯ ಒಂದು ಹಾಲಿನಲ್ಲಿ ಕನ್ನಡ ರಾಜ್ಯೋತ್ಸವ ಇತ್ತು. ಕೆಂಪು ಹಳದಿ ಬಾವುಟ, ಮಕ್ಕಳ ಹಾಡು, ಊಟಕ್ಕೆ ಬಿಸಿಬೇಳೆಬಾತು. ಸುವರ್ಣಾ ಪಾಳಿಗೆ ಹೋಗಿದ್ದಳು, ಅಪೂರ್ವಾ ಪಾಳಿ ಮುಗಿಸಿ ಏರ್‌ಪೋರ್ಟಿನ ಉಡುಪಿನಲ್ಲೇ ಆಯಿಯನ್ನು ಕರೆದುಕೊಂಡು ಬಂದಿದ್ದಳು. ಕುರ್ಚಿಗಳನ್ನು ಒತ್ತೊತ್ತಾಗಿ ಹಾಕಿದ್ದರು. ನೀಲವ್ವ ಸಾಲಿನ ತುದಿಯಲ್ಲಿ ಕಾಲು ಚಾಚಿ ಕೂತಿದ್ದಳು.

ಮೈಕಿನಲ್ಲಿ ಡಾಕ್ಟರ್ ವಿಭಾ ಅವರು ವೇದಿಕೆಗೆ ಬರಬೇಕು ಅಂತ ಕರೆದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕಲಿಸುವುದರ ಬಗ್ಗೆ ಅವಳ ಭಾಷಣ. ಅವಳು ಅದೇ ಸಾಲಿನ ಒಳಗೆ ಕೂತಿದ್ದಳು, ಮಗಳ ಪಕ್ಕ. ಮಾಳವಿಕಾ ರಜೆಗೆ ಬಂದಿದ್ದಳು, ಮೈಮೇಲೆ ಯೂನಿವರ್ಸಿಟಿ ಟೀಮಿನ ಜಾಕೆಟು. ವಿಭಾ ಸೀರೆಯ ನೆರಿಗೆ ಹಿಡಿದುಕೊಂಡು, ಮಂದಿಯ ಮೊಣಕಾಲು ದಾಟುತ್ತ ತುದಿಗೆ ಬಂದು, ಕೆಳಗೆ ಕೂತವರು ಯಾರು ಅಂತ ಸರಿಯಾಗಿ ನೋಡದೆ ಹೇಳಿದಳು:

“ಸ್ವಲ್ಪ ಆ ಕಡೆ ಸರೀರಿ.”

“ಸರಿ,” ಅಂದಳು ನೀಲವ್ವ. ಕಾಲು ಚಾಚಿದ್ದು ಚಾಚಿದ ಹಾಗೇ ಇತ್ತು.

ಮೈಕಿನವರು ಇನ್ನೊಂದು ಸಲ ಕರೆದರು.

“ಅಜ್ಜಿ, ಸರೀರಿ ಅಂದೆ.”

“ಕೇಳಿಸ್ತ್ರಿ ಬಾಯಾರ. ಸರಿ ಅಂದ್ನಲ್ಲ. ಓಕೆ.”

ವಿಭಾ ಆಗ ಮುಖ ನೋಡಿದಳು. ಕುತ್ತಿಗೆಯಿಂದ ಕೆಂಪು ಮೇಲೇರಿ ಬಂತು. ಹಿಂದೆ ಮಾಳವಿಕಾ ತಾಯಿಯನ್ನೂ ಮುದುಕಿಯನ್ನೂ ನೋಡಿ ಕಣ್ಣು ಸಣ್ಣ ಮಾಡಿದಳು. ಏನೋ ಒಂದು ಅವಳಿಗೆ ಈಗ ತಾನೇ ಹೊಳೆಯುತ್ತಿದ್ದ ಹಾಗಿತ್ತು. ಹಿಂದಿನ ಸಾಲಿನವರು, ಪಾಪ ವಯಸ್ಸಾದವರು, ಕಿವಿ ಕೇಳುವುದಿಲ್ಲವೇನೋ, ಅಂತ ಪಿಸುಗುಟ್ಟಿದರು. ನೀಲವ್ವನಿಗೆ ಇನ್ನೂ ಒಂದು ಮಾತು ಬಾಯಿಗೆ ಬಂದಿತ್ತು. ಮಾರ್ಚಿನಿಂದ ಕಾದಿಟ್ಟುಕೊಂಡ ಮಾತು.

ಅಪೂರ್ವಾ ಎದ್ದು ನಿಂತಳು. ಆಯಿಯ ಕಾಲನ್ನು ಎರಡೂ ಕೈಯಿಂದ ಮೆಲ್ಲಗೆ ಹಿಂದಕ್ಕೆ ಇಟ್ಟು, ತನ್ನ ಕುರ್ಚಿಯನ್ನು ಮಡಚಿ ದಾರಿ ಮಾಡಿದಳು.

“ಸಾರಿ ಆಂಟಿ,” ಅಂದಳು. “ಹೋಗಿ.”

ವಿಭಾ ಹೋದಳು. ವೇದಿಕೆಯ ಮೇಲೆ ಮೊದಲು ತುಸು ತಡವರಿಸಿದಳು, ಆಮೇಲೆ ಚೆನ್ನಾಗಿಯೇ ಮಾತಾಡಿದಳು. ಮನೆಯ ಮಾತು ಮಕ್ಕಳ ಬಾಯಲ್ಲಿ ಉಳಿಯಬೇಕು ಅಂದಳು. ಜನ ಚಪ್ಪಾಳೆ ತಟ್ಟಿದರು.

“ಯಾಕ ಎದ್ದಿ ನೀ?” ಅಂತ ನೀಲವ್ವ ಕೇಳಿದಳು. “ನಿಂದಿರಸಬೇಕಿತ್ತು ಅಕಿನ್ನ.”

ಅಪೂರ್ವಾ ಕುರ್ಚಿ ಬಿಚ್ಚಿ ಕೂತಳು. ಅರ್ಧ ಇಂಗ್ಲಿಷು ಬೆರೆಸಿ ಉತ್ತರ ಕೊಡುವವಳು, ಅವತ್ತು ಯಾಕೋ ಪೂರಾ ಕನ್ನಡದಲ್ಲೇ ಹೇಳಿದಳು.

“ಅಭ್ಯಾಸ ಆಗೇದ ಆಯಿ. ದಿನಾ ಅದ ಕೆಲಸ.”

ಅವಳ ಎದೆಯ ಮೇಲಿನ ಹೆಸರಿನ ಪಟ್ಟಿ ಸೊಟ್ಟಗಾಗಿತ್ತು. ನೀಲವ್ವ ಕೈ ಚಾಚಿ ಅದನ್ನು ನೆಟ್ಟಗೆ ಮಾಡಿದಳು.